ಅವ್ವನ ತಣ್ಣನೆ ಕಾಲು

ಅವ್ವನ ಮೊಣಕಾಲು ಬದಲಿಸಿ ನಾಲ್ಕು ತಿಂಗಳಾಯ್ತು. ಮಲಪನಗುಡಿಯ ಬಿಸಿಲಲ್ಲೂ ಸಾಕ್ಸ್ ಬಿಚ್ಚಲ್ಲ. "ನೋವು ಹೋತಪ್ಪ, ಆದ್ರ ಕಾಲು ಐಸ್ ಆದಂಗ ಆಗ್ಯಾವ. ಅಷ್ಟು ರೊಕ್ಕ ಸುರಿದಿ, ಹೆಂಗ ಹೇಳ್ಲಿ?" ಅಂತ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಳು.

ಡಾಕ್ಟರು ಪಾದದ ನಾಡಿ ಹಿಡಿದು, ರಕ್ತ ಸಂಚಾರ ಸರಿಯಿದೆ ಅಂದರು. ಕೊಯ್ದಾಗ ಚರ್ಮದ ಸಣ್ಣ ನರಗಳಿಗೆ ಪೆಟ್ಟಾಗಿರುತ್ತೆ, ಸುಧಾರಿಸಲು ತಿಂಗಳುಗಳೇ ಬೇಕಂತೆ. ಬಿಸಿನೀರಿನ ಬ್ಯಾಗ್ ಬೇಡ. ಜೋಮು ಹಿಡಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗಲ್ಲ. ಸಡಿಲ ಸಾಕ್ಸ್, ಆಗಾಗ ಪಾದ ಮೇಲೆ-ಕೆಳಗೆ ಆಡಿಸೋದು, ಸಂಜೆ ಹಂಪಿ ರೋಡಿನ ತನಕ ನಡಿಗೆ, ಇಷ್ಟೇ.

ಆದರೆ ಪಾದ ಬಿಳಿಚಿದರೆ, ನೀಲಿಗಟ್ಟಿದರೆ, ಮೀನಖಂಡ ಬಾತು ನೋವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಊರಿಗೆ ಫೋನ್ ಮಾಡಿದಾಗ "ನೋವು ಐತೇನು?" ಅಂತಷ್ಟೇ ಕೇಳಬೇಡಿ. ನೋವಲ್ಲದ್ದನ್ನ ಅವರು ತಾವಾಗಿ ಹೇಳಲ್ಲ.