ಬೀದರಿನಿಂದ ಮಾಹಾನಿಗೆ

ನಿಮ್ಮ ಮನೆಯಲ್ಲಿ ಶಜ್ರಾ ಇದೆಯೇ? ವಂಶದ ಹಿರಿಯರ ಹೆಸರುಗಳನ್ನು ಬರೆದಿಟ್ಟ ಪಟ್ಟಿ? ನಮ್ಮ ಮನೆಯಲ್ಲಿದೆ. ಅತ್ತೆಯ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ಮಾಸಲು ಕಾಗದ. ಒಟ್ಟು 19 ಹೆಸರುಗಳು. ಮೊದಲ ಹೆಸರಿನ ಕೊನೆಗೆ ‘ಕಿರ್ಮಾನಿ’ ಎಂದಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಿರ್ಮಾನ್‌ನಿಂದ ಬೀದರಿಗೆ ಬಂದವರು ನಾವು ಎಂಬುದು ನನ್ನ ಗಂಡನ ಮನೆಯವರ ಹೆಮ್ಮೆ.

ಆ ಹೆಮ್ಮೆಯ ಬಿಸಿ ನನಗೂ ತಾಗಿದೆ. ನನ್ನ ತವರು ಹುಮನಾಬಾದ್ ಕಡೆಯ ರೈತ ಕುಟುಂಬ. ಮದುವೆಯ ಮಾತುಕತೆಯ ದಿನ ಹಿರಿಯರೊಬ್ಬರು, “ಹುಡುಗಿ ಒಳ್ಳೆಯವಳೇ, ಆದರೆ ಇಲ್ಲಿಯ ಜನ” ಎಂದದ್ದು ಬಾಗಿಲ ಮರೆಯಲ್ಲಿದ್ದ ನನ್ನ ಕಿವಿಗೆ ಬಿದ್ದಿತ್ತು. ಹಾಗಾಗಿ 2018ರ ಅಕ್ಟೋಬರಿನಲ್ಲಿ, ನಮ್ಮ ಮದುವೆಯ 25ನೇ ವರ್ಷಕ್ಕೆ, ನನ್ನವರು “ಇರಾನಿಗೆ ಹೋಗಿ ಬರೋಣ” ಎಂದಾಗ ಸಂತೋಷದ ಜೊತೆಗೆ ಸಣ್ಣದೊಂದು ಮುನಿಸೂ ಇತ್ತು. ಅತ್ತೆ ಶಜ್ರಾದ ನಕಲನ್ನು ಕೈಗಿಟ್ಟು, “ನಮ್ಮವರ ಊರು ಹೇಗಿದೆ ನೋಡಿ ಬನ್ನಿ” ಎಂದರು.

ಹೋಗುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ನಮ್ಮ ಬ್ಯಾಂಕುಗಳ ಕಾರ್ಡು ನಡೆಯುವುದಿಲ್ಲ, ನಗದು ಒಯ್ಯಬೇಕು. ನೋಟಿನ ಮೇಲೆ ರಿಯಾಲ್ ಎಂದು ಇದ್ದರೂ ಅಂಗಡಿಯವರು ಬೆಲೆ ಹೇಳುವುದು ತೂಮಾನಿನಲ್ಲಿ. ಒಂದು ತೂಮಾನಿಗೆ ಹತ್ತು ರಿಯಾಲ್. ಮೊದಲ ದಿನ ಎರಡು ಲೋಟ ಚಹಾಕ್ಕೆ ನಾನು ಎಣಿಸಿ ಕೊಟ್ಟ ಹಣ ಹತ್ತರಲ್ಲೊಂದು ಪಾಲು! ಅಂಗಡಿಯಾತ ನಕ್ಕು, ತಾನೇ ನೋಟುಗಳನ್ನು ಆರಿಸಿಕೊಂಡ.

ಮೊದಲು ಇಸ್ಫಹಾನ್. ಶಾಹ್ ಅಬ್ಬಾಸ್ 1598ರ ಸುಮಾರಿಗೆ ಕಟ್ಟಿಸತೊಡಗಿದ ವಿಶಾಲ ಚೌಕದಲ್ಲಿ ಸಂಜೆಯಾದರೆ ಕುಟುಂಬಗಳು ಚಾಪೆ ಹಾಸಿ ಬುತ್ತಿ ಬಿಚ್ಚುತ್ತವೆ. ಬಾಝಾರ್, ಚಾದರ್ ಎಂದು ನಮ್ಮ ಮನೆಯ ಮಾತುಗಳೇ ಸುತ್ತಲೂ ಕೇಳಿಸುತ್ತಿದ್ದವು. ಹಳೆಯ ಖಾಜು ಸೇತುವೆ ಸುಂದರವಾಗಿದೆ, ಆದರೆ ಕೆಳಗಿನ ನದಿಯಲ್ಲಿ ನಾವು ಹೋದಾಗ ನೀರೇ ಇರಲಿಲ್ಲ.

ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮರುಭೂಮಿ ದಾಟಿ ಬೆಳಿಗ್ಗೆ ಕಿರ್ಮಾನ್ ತಲುಪಿದೆವು. ಈ ಊರಿನ ಜೀರಿಗೆ ಎಷ್ಟು ಪ್ರಸಿದ್ಧವೆಂದರೆ, ವ್ಯರ್ಥ ಕೆಲಸಕ್ಕೆ ‘ಕಿರ್ಮಾನಿಗೆ ಜೀರಿಗೆ ಒಯ್ದಂತೆ’ ಎಂಬ ಗಾದೆಯೇ ಇದೆ. ಖರ್ಜೂರದ ಹೂರಣ ತುಂಬಿ, ಮೇಲೆ ಅಚ್ಚೊತ್ತಿ ಬೇಯಿಸುವ ‘ಕುಲುಂಪೆ’ ಎಂಬ ಸಿಹಿಯನ್ನು ಅತ್ತೆಗೆಂದು ಕಟ್ಟಿಸಿಕೊಂಡೆವು.

ಕಿರ್ಮಾನಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಮಾಹಾನ್ ಇದೆ. ಬೀದರಿನವರಿಗೆ ಇದು ಪರಊರಲ್ಲ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ ಒಂದನೇ ಅಹ್ಮದ್ ಶಾಹ್, ಇಲ್ಲಿಯ ಸೂಫಿ ಶಾಹ್ ನಿಅಮತುಲ್ಲಾಹ್ ವಲಿಯವರನ್ನು ಆಹ್ವಾನಿಸಿದ್ದ. ಅವರು ತಾವು ಬರದೆ ಮೊಮ್ಮಗ ನೂರುಲ್ಲಾಹ್‌ರನ್ನು ಕಳುಹಿಸಿದರು. 1431ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾಹ್ ಕೂಡ ಬೀದರಿಗೆ ಬಂದರು. ಅಷ್ಟೂರಿನ ದಾರಿಯಲ್ಲಿ ನೀವು ನೋಡಿರಬಹುದಾದ ಎಂಟು ಮೂಲೆಯ ಚೌಖಂಡಿ ಅವರದೇ ಸಮಾಧಿ. ಮಾಹಾನಿನಲ್ಲಿ ತಂದೆಯ ಸಮಾಧಿಯ ಮೇಲೆ 1436ರಲ್ಲಿ ಭವನ ಕಟ್ಟಿಸಿದವನು ನಮ್ಮ ಬೀದರಿನ ಸುಲ್ತಾನನೇ. ಬೀದರಿನ ಮಹಮೂದ್ ಗವಾನ್ ಮದ್ರಸದ ಗೋಡೆಗಳಲ್ಲಿ ಅಳಿದುಳಿದ ನೀಲಿ ಹೆಂಚುಗಳನ್ನು ಕಂಡ ನನಗೆ, ಇಲ್ಲಿಯ ಗುಮ್ಮಟದ ನೀಲಿ ಕಂಡು ಕಣ್ಣು ತುಂಬಿ ಬಂತು.

ಅಂಗಳದ ಕೊಳದ ಬಳಿ ಕುಳಿತಿದ್ದ ವೃದ್ಧೆಯೊಬ್ಬರು ಸಲಾಮ್ ಹೇಳಿ ಪರಿಚಯ ಮಾಡಿಕೊಂಡರು. ನಿವೃತ್ತ ಶಿಕ್ಷಕಿ, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ನನ್ನವರು ಉತ್ಸಾಹದಿಂದ ಶಜ್ರಾ ಬಿಚ್ಚಿ ತೋರಿಸಿದರು. ಆಕೆ ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಾಡಿಸಿದರು. ಕೊನೆಗೆ ತಲೆಯೆತ್ತಿ ನನ್ನನ್ನು ಕೇಳಿದರು: “ಇದರಲ್ಲಿ ತಾಯಂದಿರು ಎಲ್ಲಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. 19 ಹೆಸರುಗಳಲ್ಲಿ ಒಬ್ಬ ಹೆಣ್ಣಿನ ಹೆಸರೂ ಇರಲಿಲ್ಲ. 25 ವರ್ಷಗಳಲ್ಲಿ ಅದು ನನಗೂ ಹೊಳೆದಿರಲಿಲ್ಲವಲ್ಲ!

ಮಧ್ಯಾಹ್ನ ಆಕೆಯೇ ನಮ್ಮನ್ನು ಶಾಹ್‌ಝಾದೆ ತೋಟಕ್ಕೆ ಕರೆದೊಯ್ದರು. ಸುತ್ತ ಬರೀ ಬೆಂಗಾಡು, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ನೀರು. ಬೆಟ್ಟದ ಬುಡದಿಂದ ನೆಲದೊಳಗಿನ ಸುರಂಗದಲ್ಲಿ ನೀರು ತರುವ ಖನಾತ್ ಎಂಬ ವ್ಯವಸ್ಥೆ ಇದು. ಬೀದರಿನ ನೌಬಾದಿನಲ್ಲಿರುವ ಕರೇಜ್ ಇದೇ ವಿದ್ಯೆಯಿಂದ ತೋಡಿದ್ದು. ಬೆಟ್ಟದ ಬುಡದಲ್ಲಿ ಮೊದಲು ಆಳದ ಬಾವಿ ತೋಡಿ ನೀರು ಕಂಡುಕೊಳ್ಳುತ್ತಾರೆ. ಅಲ್ಲಿಂದ ಇಳಿಜಾರಾಗಿ ಸುರಂಗ. ಗಾಳಿಗೂ ಹೂಳೆತ್ತುವುದಕ್ಕೂ ದಾರಿಯುದ್ದಕ್ಕೂ ಚಿಕ್ಕ ಬಾವಿಗಳು.

“ಆ ಮೊದಲ ಬಾವಿಯನ್ನು ಏನೆನ್ನುತ್ತಾರೆ ಗೊತ್ತೇ? ಮಾದರ್ ಚಾಹ್, ತಾಯಿ ಬಾವಿ,” ಎಂದರು ಶಿಕ್ಷಕಿ. “ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರೂ ತೋಟ ನೋಡಿ ಹೋಗುತ್ತಾರೆ.”

ಹಿಂತಿರುಗುವ ದಾರಿಯಲ್ಲಿ ನನ್ನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: “ನೂರುಲ್ಲಾಹ್ ಕೂಡ ಬೀದರಿನ ಸುಲ್ತಾನನ ಮಗಳನ್ನೇ ಮದುವೆಯಾದರಂತೆ. ನಮ್ಮ ಹಿರಿಯರೂ ಇಲ್ಲಿಯ ಹೆಣ್ಣನ್ನೇ ತಂದಿರಬೇಕು. ಹಾಗಾದರೆ ನಾವೂ ಇಲ್ಲಿಯ ಜನವೇ.” ಮದುವೆಯ ದಿನದ ಆ ಮಾತು ಅವರಿಗೂ ನೆನಪಿತ್ತು ಎಂದು ನನಗೆ ತಿಳಿದದ್ದು ಆಗಲೇ.

ಊರಿಗೆ ಮರಳಿದ ರಾತ್ರಿ ಅತ್ತೆ ಕುಲುಂಪೆಯನ್ನು ಚಹಾದಲ್ಲಿ ಅದ್ದಿಕೊಂಡು ಎಲ್ಲವನ್ನೂ ಕೇಳಿದರು. ನಾನು ಹೆದರುತ್ತಲೇ ಶಿಕ್ಷಕಿಯ ಪ್ರಶ್ನೆಯನ್ನೂ ಹೇಳಿದೆ. ಅತ್ತೆ ಸಿಟ್ಟಾಗಲಿಲ್ಲ. ಕಣ್ಣು ಮುಚ್ಚಿ ತಮ್ಮ ಅತ್ತೆಯ ಹೆಸರು ಹೇಳಿದರು. ಅವರ ಅತ್ತೆಯ ಹೆಸರನ್ನೂ ಹೇಳಿದರು. “ಆಕೆ ಭಾಲ್ಕಿ ಕಡೆಯವರು. ಬೀಸುವಾಗ ಕನ್ನಡದಲ್ಲೇ ಹಾಡುತ್ತಿದ್ದರಂತೆ,” ಎಂದರು. ಅದರ ಹಿಂದಿನದು ನೆನಪಿಗೆ ಬರಲಿಲ್ಲ. ನನ್ನ ಮಗಳು ಶಜ್ರಾದ ನಕಲಿನ ಬೆನ್ನ ಮೇಲೆ ಎಲ್ಲವನ್ನೂ ಬರೆದುಕೊಂಡಳು. ಅತ್ತೆ ಸ್ವಲ್ಪ ಸುಮ್ಮನಿದ್ದು, “ನಿನ್ನ ತಾಯಿಯ ಹೆಸರನ್ನೂ, ಅಜ್ಜಿಯ ಹೆಸರನ್ನೂ ಬರೆಸು. ನಾಳೆ ಇವಳ ಮಕ್ಕಳು ಕೇಳುತ್ತಾರೆ” ಎಂದರು.

ಅತ್ತೆ ಈಗಿಲ್ಲ. ಅಲ್ಲಾಹನು ಅವರ ಮೇಲೆ ಕರುಣೆ ತೋರಲಿ. ಆ ನಕಲೂ ಅದೇ ಹಸಿರು ಬಟ್ಟೆಯೊಳಗೆ ಸೇರಿದೆ.

ಪ್ರಿಯ ಸಹೋದರಿಯರೇ, ಮೂಲ ಹುಡುಕಲು ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಬಳಿ ಒಂದು ಹಾಳೆ ಹಿಡಿದು ಕುಳಿತುಕೊಳ್ಳಿ. ತಂದೆಯ ತಂದೆಯ ಹೆಸರನ್ನು ಯಾರಾದರೂ ಬರೆದಿಟ್ಟಿರುತ್ತಾರೆ. ನೀವು ತಾಯಿಯ ತಾಯಿಯ ಹೆಸರು ಕೇಳಿ.