ಎರಡು ಮೋಟಾರು, ಒಂದೇ ನಡೆ

ನಮ್ಮ ಶ್ರೀರಾಂಪುರದಿಂದ ಚಾಮುಂಡಿ ಬೆಟ್ಟದ ಹಾದಿ ದೂರವಿಲ್ಲ. ಮಳೆಗಾಲದಲ್ಲಿ ಕುಟುಂಬಸಮೇತ ಬೆಟ್ಟವೇರುವವರು, ನಾಲ್ಕು ಚಕ್ರಗಳಿಗೂ ಬಲವೀಯುವ ವಿದ್ಯುತ್ ಕಾರಿನ ಮರ್ಮವನ್ನು ಅರಿತಿರುವುದು ಒಳಿತು.

2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿಗೆ ಇದ್ದುದು ಒಂದೇ ಮೋಟಾರು. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ವಿದ್ಯುತ್ ಕಾರಿನ ಒಂದು ಮಾದರಿಯಲ್ಲಿ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಮೋಟಾರುಗಳಿವೆ. ಹಳೆಯ ಜೀಪಿನಲ್ಲಿ ಎಂಜಿನ್ನಿನ ಬಲವನ್ನು ಉಕ್ಕಿನ ದಂಡವು ಒಯ್ಯುತ್ತಿತ್ತು. ಇಲ್ಲಿ ಆ ದಂಡವಿಲ್ಲ, ಬ್ಯಾಟರಿಯಿಂದ ಹೊರಟ ತಂತಿಗಳಷ್ಟೇ. ಚಕ್ರ ಜಾರಿದೊಡನೆ ನಿಯಂತ್ರಕವು ಅದನ್ನರಿತು, ಎವೆಯಿಕ್ಕುವುದರೊಳಗೆ ಒಂದು ಮೋಟಾರಿನ ಬಲ ತಗ್ಗಿಸಿ ಇನ್ನೊಂದಕ್ಕೆ ಹೆಚ್ಚಿಸುತ್ತದೆ. ಇಳಿಜಾರಿನಲ್ಲಿ ಮೋಟಾರುಗಳೇ ಜನಕಗಳಾಗಿ ವೇಗವನ್ನು ತಡೆದು, ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸಬಲ್ಲವು.

ಆದರೆ ನೆಲವನ್ನು ಹಿಡಿಯುವುದು ಮೋಟಾರಲ್ಲ, ಟೈರು. ಏರುವಾಗ ನೆರವಾದ ಎರಡನೆಯ ಮೋಟಾರು, ಒದ್ದೆಯ ತಿರುವಿನಲ್ಲಿ ಸವೆದ ಟೈರಿಗೆ ಹಿಡಿತವನ್ನು ಕೊಡಲಾರದು. ಆದುದರಿಂದ ಟೈರುಗಳನ್ನು ಪರೀಕ್ಷಿಸಿ, ನಿಧಾನವಾಗಿ ಇಳಿಯುವುದೇ ಮನೆಮಂದಿಗೆಲ್ಲ ಕ್ಷೇಮವೆಂದು ನಾವು ಭಾವಿಸುತ್ತೇವೆ.