ಗಿಟಾರ್, ಬೀಟ್ ಮತ್ತು ನಾನು ಆಡಿದ ಮಾತು



ಕ್ರಿಸ್ಮಸ್ ಹಾಡುಗಳ ಅಭ್ಯಾಸದಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ಗಾನವೃಂದದ ಒಬ್ಬ ಹುಡುಗ ಮೊಬೈಲಿನಲ್ಲೇ ಡ್ಯಾನ್ಸ್ ಬೀಟ್ ತಯಾರಿಸಿ ತಂದಿದ್ದ. "ಅಣ್ಣಾ, ಈ ಸಲ ಗಿಟಾರ್ ಬದಲಿ ಇದನ್ನ ಹಾಕೂಣೇನ್ರಿ?" ಎಂದು ಕೇಳಿದ. "ಇದೇನು ಮದುವಿ ಮೆರವಣಿಗಿ ಡಿಜೆ ಏನು?" ಅಂದುಬಿಟ್ಟೆ. ಎಲ್ಲರೂ ನಕ್ಕರು. ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ.

ಗಿಟಾರ್ ನುಡಿಸುವವನು ನಾನೇ ಎಂಬುದನ್ನೂ ಹೇಳಿಬಿಡುತ್ತೇನೆ.

ಆ ವಾರ ಸೊಲ್ಲಾಪುರದಿಂದ ನಂದೇಶ್ವರಕ್ಕೆ ಬರುವಾಗ ಬಸ್ಸಿನಲ್ಲಿ ಬೆಲ್ ಅಂಡ್ ಸೆಬಾಸ್ಟಿಯನ್ ಹಾಡು ಕೇಳುತ್ತಿದ್ದೆ. ಬಿಎಸ್ಸಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬ ಪರಿಚಯಿಸಿದ ಸ್ಕಾಟ್ಲೆಂಡಿನ ಇಂಡೀ ಪಾಪ್ ತಂಡವಿದು. 1996ರಲ್ಲಿ ಇವರ ಮೊದಲ ಆಲ್ಬಂ 'ಟೈಗರ್‌ಮಿಲ್ಕ್' ಗ್ಲಾಸ್ಗೋದ ಸ್ಟೋ ಕಾಲೇಜಿನ ವಿದ್ಯಾರ್ಥಿಗಳ ಲೇಬಲ್‌ನಿಂದ ಬಂತು. ಆಗ ಮುದ್ರಿಸಿದ್ದು 1,000 ಎಲ್‌ಪಿ ಮಾತ್ರ. ಮೆಲುದನಿ, ಗಿಟಾರ್, ಪಿಟೀಲು. ಮುಖ್ಯ ಗಾಯಕ ಸ್ಟುವರ್ಟ್ ಮರ್ಡಾಕ್ ಅಲ್ಲಿಯ ಚರ್ಚೊಂದರ ಹಾಲ್ ನೋಡಿಕೊಳ್ಳುವ ಕೆಲಸ ಮಾಡುತ್ತ ಅಲ್ಲೇ ವಾಸವಿದ್ದವರು, ಚರ್ಚಿನ ಗಾನವೃಂದದಲ್ಲಿ ಹಾಡಿದವರು.

2015ರ ಜನವರಿಯಲ್ಲಿ ಇದೇ ತಂಡ 'ಗರ್ಲ್ಸ್ ಇನ್ ಪೀಸ್‌ಟೈಮ್ ವಾಂಟ್ ಟು ಡ್ಯಾನ್ಸ್' ಆಲ್ಬಂ ತಂದಿತು. ಅಮೆರಿಕದ ಅಟ್ಲಾಂಟಾದಲ್ಲಿ, ನಿರ್ಮಾಪಕ ಬೆನ್ ಅಲೆನ್ ಜೊತೆ ಮಾಡಿದ್ದು. 'ದಿ ಪಾರ್ಟಿ ಲೈನ್' ಹಾಡಿನಲ್ಲಿ ಸಿಂಥಸೈಜರ್, ಡಿಸ್ಕೋ ತಾಳ. ಮೊದಲ ಸಲ ಕೇಳಿದಾಗ, "ಇವರೂ ಕೆಟ್ಟರು" ಎಂದು ಅರ್ಧಕ್ಕೇ ನಿಲ್ಲಿಸಿದ್ದೆ.

ಪೂರ್ತಿ ಆಲ್ಬಂ ಕೇಳಿದ್ದು ಆ ದಿನ ಬಸ್ಸಿನಲ್ಲಿ. ಅದರ ಮೊದಲ ಹಾಡು 'ನೋಬಡೀಸ್ ಎಂಪೈರ್'. ಮರ್ಡಾಕ್ ತರುಣರಾಗಿದ್ದಾಗ ಎಂ.ಇ. ಎಂಬ ದೀರ್ಘ ಆಯಾಸದ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದ್ದರು. ಓದು, ಕೆಲಸ ಎಲ್ಲ ನಿಂತಿತ್ತು. ಹಾಡು ಬರೆಯಲು ಶುರುಮಾಡಿದ್ದೇ ಆ ದಿನಗಳಲ್ಲಿ. ಈ ಹಾಡು ಆ ಕಾಲದ ಕುರಿತಾದದ್ದು. ಅದೇ ಆಲ್ಬಂನಲ್ಲಿ ಮುಂದೆ ಕುಣಿತದ ಹಾಡುಗಳು ಬರುತ್ತವೆ.

ಹಾಸಿಗೆ ಹಿಡಿದಿದ್ದ ಮನುಷ್ಯ ಜನರನ್ನು ಕುಣಿಸಲು ಹೊರಟರೆ, ಅದನ್ನು ಕೆಟ್ಟುಹೋಗುವುದು ಎನ್ನಲು ನಾನು ಯಾರು? ವಾದ್ಯ ಬದಲಾಗಿತ್ತು, ಹೇಳುವ ಮನಸ್ಸು ಅದೇ ಇತ್ತು. ಕೀರ್ತನೆ 150ರಲ್ಲೂ ದಮ್ಮಡಿ, ತಾಳ, ಕುಣಿತ ಎಲ್ಲವೂ ಇವೆಯಲ್ಲ!

ಮರುದಿನ ಆ ಹುಡುಗನ ಮನೆಗೆ ಹೋದೆ. "ತಪ್ಪಾತು ತಮ್ಮಾ, ಪೂರ್ತಿ ಕೇಳಲಾರದ ಮಾತಾಡಿದೆ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೊಬೈಲ್ ತೆಗೆದ. ಬೀಟ್ ಕೆಳಗೆ ನಮ್ಮ ಹಳೆಯ ಕ್ರಿಸ್ಮಸ್ ಹಾಡಿನ ರಾಗವೇ ಇತ್ತು! ಅಭ್ಯಾಸದ ದಿನ ನಾನು ಅಲ್ಲಿಯತನಕ ಕೇಳಿಯೇ ಇರಲಿಲ್ಲ.

ಒಂದೇ ಮಾತು ಕೇಳಿಕೊಂಡೆ: ಮುಂದಿನ ಸಾಲಿನಲ್ಲಿ ಕೂರುವ ಅಜ್ಜಿಯರಿಗೆ ಹಾಡಿನ ಪದ ಕೇಳಿಸಬೇಕು. ಅವನು ಬೇಸ್ ಇಳಿಸಿದ. ಚರಣಕ್ಕೆ ನನ್ನ ಗಿಟಾರ್, ಪಲ್ಲವಿಗೆ ಅವನ ಬೀಟ್ ಎಂದಾಯಿತು. ಕ್ರಿಸ್ಮಸ್ ರಾತ್ರಿ ಚಪ್ಪಾಳೆ ಶುರುವಾದದ್ದು ಅದೇ ಅಜ್ಜಿಯರ ಸಾಲಿನಿಂದ.

ಮಿತ್ರರೇ, ನಿಮ್ಮ ತಂಡದ ಕಿರಿಯರು ಹೊಸದೇನಾದರೂ ತಂದರೆ, ಬೇಡ ಎನ್ನುವ ಮೊದಲು ಒಮ್ಮೆ ಪೂರ್ತಿ ಕೇಳಿ. ನಾನು ಕಲಿತದ್ದು ಇಷ್ಟೇ.